ಪೋಲೆಂಡಿನ ಗೆಳೆಯ

ಬಿಳಿ ಜೀಪು ಗೇಟಿನೊಳಗೆ ತಿರುಗಿದಾಗ ಮಲ್ಲೇಶಪ್ಪನ ಎದೆಬಡಿತ ಹಾವೇರಿ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸುತ್ತಿತ್ತು. ಅಂಗಿ ಹಿಂಡಿದ್ದರೆ ಎರಡು ಕೊಡ ಬೆವರು. ಡಿಸೆಂಬರಿನ ಬೆಳಗು; ಉಳಿದವರು ಇನ್ನೂ ಸ್ವೆಟರು ಬಿಚ್ಚಿರಲಿಲ್ಲ.

ವರದಾ ವಿಶ್ವವಿದ್ಯಾಲಯಕ್ಕೆ ಪೋಲೆಂಡಿನಿಂದ ಅತಿಥಿ ಬರುತ್ತಿದ್ದ. ಬೋಧಕೇತರ ಸಿಬ್ಬಂದಿಯ ವಿದೇಶ ವಿನಿಮಯ ಎಂಬ ಯೋಜನೆ: ಇಲ್ಲಿನ ಅಟೆಂಡರ್ ಹದಿನೈದು ದಿನ ಅಲ್ಲಿಗೆ, ಅಲ್ಲಿನವನು ಹದಿನೈದು ದಿನ ಇಲ್ಲಿಗೆ. ಆ ವರ್ಷ, ಅಂದರೆ ೨೦೦೭ರ ಫೆಬ್ರುವರಿಯಲ್ಲಿ, ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ಪ್ರಭುಲಿಂಗಪ್ಪ ಹೋಗಿ ಮಾರೆಕ್ ಎಂಬವನ ಮನೆಯಲ್ಲಿ ಉಳಿದು ಬಂದಿದ್ದ. ಈಗ ಮಾರೆಕ್‌ನ ಸರದಿ. ಹಾರ ಹಿಡಿದು ಪ್ರಭುಲಿಂಗಪ್ಪನಾಗಿ ಸಾಲಿನಲ್ಲಿ ನಿಂತವನು ಮಲ್ಲೇಶಪ್ಪ.

ಹನ್ನೊಂದು ವರ್ಷದಿಂದ ಅವನು ಹಾಗೇ ನಿಂತಿದ್ದ.

ನೌಕರಿಯ ಆದೇಶ ಬಂದದ್ದು ಅಣ್ಣ ಪ್ರಭುಲಿಂಗಪ್ಪನಿಗೆ. ಅವನು ಬ್ಯಾಡಗಿ ಮೆಣಸಿನಕಾಯಿ ಯಾರ್ಡಿನ ಹಮಾಲ, ಒಂದೇ ಉಸಿರಿಗೆ ನಾಲ್ಕು ಚೀಲ ಹೊತ್ತು ಲಾರಿ ಹತ್ತುವ ಆಳು. ಪ್ರಯೋಗಾಲಯದಲ್ಲಿ ಎಂಟು ದಿನಕ್ಕೆ ನಲವತ್ತು ಗಾಜು ಒಡೆದ. ತಮ್ಮ ಮಲ್ಲೇಶಪ್ಪನಿಗೆ ಮೆಣಸಿನಕಾಯಿಯ ಘಾಟು ಆಗದು. ಯಾರ್ಡಿನಲ್ಲಿ ಅವನು ಸೀನಿದರೆ ಸ್ಟೇಶನ್ನಿನಲ್ಲಿ ಹೊರಟ ರೈಲು ನಿಲ್ಲುತ್ತಿತ್ತು. ಹಮಾಲರಲ್ಲಿ ತೋಳಿಗೆ ಕಟ್ಟುವ ನಂಬರಿನ ಬಿಲ್ಲೆ ಮನೆತನದ್ದು. ಅಣ್ಣನಿಗೆ ಬೆನ್ನು ಹಿಡಿದರೆ ಅದೇ ಬಿಲ್ಲೆ ಕಟ್ಟಿಕೊಂಡು ತಮ್ಮ ಬರುತ್ತಾನೆ, ಯಾರೂ ಹೆಸರು ಕೇಳುವುದಿಲ್ಲ. ವಿಶ್ವವಿದ್ಯಾಲಯದ ನೌಕರಿಯೂ ಅಂಥದ್ದೇ ಒಂದು ಬಿಲ್ಲೆ ಎಂದು ತಾಯಿ ನೀಲಗಂಗವ್ವ ತೀರ್ಮಾನ ಕೊಟ್ಟಳು. ಒಂಬತ್ತನೆಯ ದಿನ ತಮ್ಮ ಹಾವೇರಿಗೆ ಬಂದ, ಅಣ್ಣ ಯಾರ್ಡಿಗೆ ಮರಳಿದ. ಯಾರಿಗೂ ತಿಳಿಯಲಿಲ್ಲ. ಅಟೆಂಡರನ ಮುಖ ನೋಡುವ ಪದ್ಧತಿ ಪ್ರಾಧ್ಯಾಪಕರಲ್ಲಿ ಇರಲಿಲ್ಲ.

ಇದಕ್ಕೆ ಜೈಲಾಗುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಅಂದಿನಿಂದ ಮಲ್ಲೇಶಪ್ಪ ಖಾಕಿ ಕಂಡರೆ ಪೋಸ್ಟ್‌ಮ್ಯಾನಿಗೂ ಕೈ ಮುಗಿಯುತ್ತಿದ್ದ.

ಅವನನ್ನು ಮುಳುಗಿಸಿದ್ದು ಅವನ ಚೊಕ್ಕ ಕೆಲಸ. ಹನ್ನೊಂದು ವರ್ಷದಲ್ಲಿ ಒಂದು ಗಾಜೂ ಒಡೆಯಲಿಲ್ಲ. ಅವನು ತೊಳೆದ ಬೀಕರಿನಲ್ಲಿ ಇಣುಕಿದರೆ ದೇವರಗುಡ್ಡ ಕಾಣುತ್ತದೆ ಎಂದು ಸೂಪರಿಂಟೆಂಡೆಂಟ್ ರಘೋತ್ತಮರಾಯರು ಕಂಡವರಿಗೆಲ್ಲ ಹೇಳಿದರು, ವಿದೇಶಕ್ಕೂ ಅವನನ್ನೇ ಆರಿಸಿದರು. ಪಾಸ್‌ಪೋರ್ಟಿಗೆ ಬೇಕಾದ ಶಾಲೆಯ ದಾಖಲೆ, ರೇಶನ್ ಕಾರ್ಡು, ಪೊಲೀಸ್ ವಿಚಾರಣೆ, ಎಲ್ಲವೂ ಅಣ್ಣನ ಹೆಸರಿನವು; ಊರಿಗೆ ವಿಚಾರಣೆಗೆ ಬಂದ ಪೊಲೀಸರೆದುರು ಅಣ್ಣನೇ ನಿಲ್ಲಬೇಕು. ಹಾಗಾಗಿ ವಿಮಾನ ಹತ್ತಿದ್ದು ಅಣ್ಣ. ತಮ್ಮ ಹದಿನೈದು ದಿನ ಕಾಗಿನೆಲೆಯಲ್ಲಿ ಸೋದರತ್ತೆಯ ಮನೆಯ ಅಟ್ಟ ಬಿಟ್ಟು ಇಳಿಯಲಿಲ್ಲ. ಪೋಲೆಂಡಿನಿಂದ ಬಂದ ಫೋಟೋದಲ್ಲಿ ಹಿಮ, ಟೋಪಿ, ಮಫ್ಲರು, ನಡುವೆ ಒಂದು ಮೂಗು. ಮೂಗು ಮನೆತನದ್ದು. ಆ ಸಲ ಬಚಾವಾದರು.

ಮಾರೆಕ್ ಬರುವ ಸುದ್ದಿ ಹುಟ್ಟಿದ ದಿನ ಅಣ್ಣ ಯಾರ್ಡು ಬಿಟ್ಟು ಹಾವೇರಿಗೆ ಓಡಿ ಬಂದ.

"ಹದಿನೈದು ದಿವಸ ಒಂದ ತಾಟಿನ್ಯಾಗ ಉಂಡೇವಿ," ಎಂದ. "ಕತ್ತಲದಾಗ ಕೈ ಮುಟ್ಟಿ ನನ್ನ ಗುರ್ತ ಹಿಡೀತಾನ ಅಂವಾ. ನಿನ್ನ ಮಾರಿ ನೋಡಿದ ಕೂಡಲೇ ಮುಗೀತು."

"ಹಂಗಾರ ಆವತ್ತ ನೀನ ಬಂದು ನಿಂದ್ರು."

"ನಾ ನಿಂತ್ರ ರಾಯರು ಗುರ್ತ ಹಿಡಿಯೂದಿಲ್ಲೇನಲೇ?"

ಮಾರೆಕ್‌ಗೆ ಒಂದು ಮುಖ ಬೇಕು, ವಿಶ್ವವಿದ್ಯಾಲಯಕ್ಕೆ ಇನ್ನೊಂದು. ನಿಲ್ಲುವ ಜಾಗ ಒಂದೇ. ಮಲ್ಲೇಶಪ್ಪ ಜ್ವರವೆಂದು ರಜೆ ಕೇಳಿದ. ರಾಯರು ಹಣೆ ಮುಟ್ಟಿ ನೋಡಿ, ಕುಲಪತಿಗಳು ಬರುವ ದಿನ ಹೆಣವಾದರೂ ಸಾಲಿನಲ್ಲಿ ನಿಲ್ಲತಕ್ಕದ್ದು ಎಂದರು. ಕಾಲು ಮುರಿಯಲೆಂದು ಸೈಕಲ್ಲಿನಿಂದ ಮೂರು ಸಲ ಬಿದ್ದ. ಸೈಕಲ್ಲು ಮುರಿಯಿತು.

ಆ ಬೆಳಿಗ್ಗೆ ಅಣ್ಣನೂ ಬಂದು ಬೇವಿನ ಮರದ ಹಿಂದೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದ. ಗುಟ್ಟು ಹೊರಬಿದ್ದರೆ ಓಡಿ ಬಂದು ರಾಯರ ಕಾಲು ಹಿಡಿದು, ಜೈಲಿಗೆ ತಾನೊಬ್ಬನೇ ಹೋಗುತ್ತೇನೆಂದು ತಾಯಿಯ ಮೇಲೆ ಆಣೆ ಮಾಡಿದ್ದ.

ಜೀಪಿನ ಬಾಗಿಲು ತೆರೆಯಿತು. ಅತಿಥಿ ಇಳಿಯಲಿಲ್ಲ. ಬಾಗಿಲು ಹಿಡಿದು ಒಂದು ಯುಗ ಕೂತ. ಕೊನೆಗೆ ಇಳಿದ; ತೆಂಗಿನ ಮರದಷ್ಟು ಎತ್ತರ, ಕೆಂಪು ಕೂದಲು. ಸಾಲಿನಲ್ಲಿದ್ದ ಹತ್ತೂ ಮುಖಗಳನ್ನು ಒಂದೊಂದಾಗಿ ನೋಡಿದ. ಮಲ್ಲೇಶಪ್ಪನನ್ನೂ ನೋಡಿದ, ದಾಟಿ ಮುಂದೆ ಹೋದ. ಮತ್ತೆ ಮೊದಲಿನಿಂದ ಹುಡುಕತೊಡಗಿದ.

ರಾಯರಿಗೆ ತಡೆಯಲಾಗಲಿಲ್ಲ. ಮಲ್ಲೇಶಪ್ಪನ ಬೆನ್ನಿಗೆ ಕೈ ಕೊಟ್ಟು ಮುಂದಕ್ಕೆ ದೂಡಿ, ಇವನೇ ನಿಮ್ಮ ಹಳೆಯ ಗೆಳೆಯ ಪ್ರಭುಲಿಂಗಪ್ಪ ಎಂದು ಇಂಗ್ಲಿಷಿನಲ್ಲಿ ಪರಿಚಯಿಸಿಬಿಟ್ಟರು.

ಅತಿಥಿಯ ಮುಖ ಸುಣ್ಣವಾಯಿತು. ಮಲ್ಲೇಶಪ್ಪ ಹಾರ ಹಿಂಡಿದ ರಭಸಕ್ಕೆ ಎಸಳೆಲ್ಲ ಉದುರಿ ಬರೀ ದಾರ ಉಳಿಯಿತು. ಕುಲಪತಿಗಳು ಏನೆಂದು ನೋಡಲು ಒಂದು ಹೆಜ್ಜೆ ಮುಂದೆ ಬಂದರು. ಮರದ ಹಿಂದೆ ಟವೆಲ್ಲು ಅಲ್ಲಾಡಿತು.

ಆಗ ಅತಿಥಿ ಎರಡೂ ತೋಳು ಚಾಚಿ, ಪ್ರಭು ಪ್ರಭು ಎನ್ನುತ್ತ ಮಲ್ಲೇಶಪ್ಪನನ್ನು ಎತ್ತಿ ಅಪ್ಪಿಕೊಂಡ. ಬಿಡಲೇ ಇಲ್ಲ. ಅವನ ಎದೆಯೂ ಇವನದರಷ್ಟೇ ಜೋರಾಗಿ ಬಡಿಯುತ್ತಿತ್ತು, ಅವನ ಅಂಗಿಯೂ ತೊಯ್ದು ತಪ್ಪಡಿಯಾಗಿತ್ತು. ಜನ ಚಪ್ಪಾಳೆ ತಟ್ಟಿದರು. ಇಂಥ ಸ್ನೇಹ ತಾವು ಕಂಡಿಲ್ಲವೆಂದು ರಾಯರು ಕಣ್ಣೊರೆಸಿಕೊಂಡರು.

ಎಲ್ಲರೂ ಚಹಾಕ್ಕೆ ತಿರುಗಿದೊಡನೆ ಮಲ್ಲೇಶಪ್ಪ ಮರದ ಹಿಂದೆ ಓಡಿದ. ಹನ್ನೊಂದು ವರ್ಷದ ಹೆದರಿಕೆ ಒಂದೇ ಸಲ ನಗುವಾಗಿ ಉಕ್ಕುತ್ತಿತ್ತು. ಬಿಳಿಯರ ಕಣ್ಣಿಗೆ ನಮ್ಮ ಮುಖಗಳೆಲ್ಲ ಒಂದೇ ಥರ ಕಾಣುತ್ತವೆಂದು ಉಸಿರು ಬಿಡದೆ ಹೇಳಿದ. ಅಣ್ಣ ನಗಲಿಲ್ಲ. ಕಣ್ಣು ಅತಿಥಿಯ ಮೇಲೆಯೇ ನೆಟ್ಟಿತ್ತು.

"ಮಲ್ಲ್ಯಾ," ಎಂದ, "ಇಂವಾ ಮಾರೆಕ್ ಅಲ್ಲ."