ಚಿಲಕ ಬಳಸದವರು

ಕೀಲಿಕೈ ಎದುರು ಬಂದು ಕೂತರೆ ಬೀದಿದೀಪದ ಕಂಬವೂ ತಾನು ಕದ್ದು ನೋಡಿದ ವಿಡಿಯೋಗಳನ್ನು ಒಂದೂ ಬಿಡದೆ ಒಪ್ಪಿಕೊಳ್ಳುತ್ತಿತ್ತು. ಹೀಗೆಂದು ಹೇಳಿದ್ದು ಕಂಬವಲ್ಲ, ಕೀಲಿಕೈಯೇ. ಆ ಅಡ್ಡಹೆಸರನ್ನು ಇಟ್ಟುಕೊಂಡವನೂ ಅವನೇ. ಜನರ ಬಾಯಿಯ ಬೀಗ ತೆಗೆಯುವವನು ಎಂದು ಅದರ ಅರ್ಥವಂತೆ.

ಅವನು ಸಂಶೋಧನಾ ಕೇಂದ್ರವೊಂದರಲ್ಲಿ ಸಂದರ್ಶಕ. ವಯಸ್ಕರು ಅಂತರ್ಜಾಲದಲ್ಲಿ ಕಾಮದ ಬೆನ್ನು ಹತ್ತಿ ಎಲ್ಲೆಲ್ಲಿ ಅಲೆಯುತ್ತಾರೆ, ಯಾರಿಗೆ ಎಂಥ ಚಿತ್ರ ಕಳಿಸುತ್ತಾರೆ, ಅದೆಲ್ಲ ಮನೆಯವರಿಗೆ ಗೊತ್ತೇ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬರುವುದು ಕೆಲಸ. ಉಳಿದ ಸಂದರ್ಶಕರು ಹೆಚ್ಚಿನ ಮನೆಗಳ ಬಾಗಿಲಲ್ಲೇ ಉಗಿಸಿಕೊಂಡು ಮರಳುತ್ತಿದ್ದರು. ಒಬ್ಬಳ ಮೇಲಂತೂ ಮಹಡಿಯಿಂದ ಒಂದು ಬಕೆಟ್ ನೀರು ಬಿದ್ದಿತ್ತು. ಕೀಲಿಕೈ ಮಾತ್ರ ಚೀಲದ ತುಂಬ ಉತ್ತರ ತುಂಬಿಕೊಂಡು, ಅಂಗಿಯ ಇಸ್ತ್ರಿ ಕೆಡದಂತೆ ವಾಪಸಾಗುತ್ತಿದ್ದ.

"ಇವತ್ತು ಬೆಳಿಗ್ಗೆ ಒಬ್ರು ನ್ಯಾಯಾಧೀಶರು ಸಿಕ್ಕಿದ್ರು," ಎಂದು ಚಹಾದ ಹೊತ್ತಿಗೆ ಶುರುಮಾಡಿದ. "ಗುರುತಿಲ್ಲದ ಹೆಂಗಸರಿಗೆಲ್ಲ ಮೀಸೆ ಫೋಟೋ ಕಳಿಸ್ತಾರಂತೆ. ಬರೀ ಮೀಸೆ. ಹೇಳ್ತಾ ಹೇಳ್ತಾ ನನ್ನ ಭುಜಕ್ಕೆ ಒರಗಿ ಅತ್ತುಬಿಟ್ರು. ಅಂಗಿ ಹಿಂಡಿದ್ರೆ ಅರ್ಧ ಕೊಡ ನೀರು."

"ಅಂಗಿ ನೋಡಿದ್ರೆ ಗರಿಗರಿ ಇದೆಯಲ್ಲಪ್ಪಾ," ಎಂದಳು ಬಕೆಟ್ ನೀರು ಬಿದ್ದವಳು.

"ನ್ಯಾಯಾಧೀಶರ ಕಣ್ಣೀರು. ಬೇಗ ಆರುತ್ತೆ."

ಆದರೆ ಕೆಲವು ತಿಂಗಳಿಂದ ಕೀಲಿಕೈ ಸೊರಗಿದ್ದ. ಊಟದ ನಡುವೆಯೂ ಫೋನಿನಲ್ಲಿ ಏನನ್ನೋ ಹುಡುಕುತ್ತಿದ್ದ. ಯಾರಾದರೂ ಹತ್ತಿರ ಬಂದರೆ ಪರದೆಯನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದ. ಫೋನ್ ರಿಪೇರಿಯವನನ್ನು ಪಕ್ಕಕ್ಕೆ ಕರೆದು, "ಎಷ್ಟು ಹುಡುಕಿದ್ರೂ ಕೈಗೆ ಸಿಗದೇ ಇರೋ ಆಪ್ ಇರುತ್ತೇನಪ್ಪಾ?" ಎಂದು ಕೇಳಿದ್ದನ್ನು ಇಬ್ಬರು ಕೇಳಿಸಿಕೊಂಡಿದ್ದರು. ಊರವರ ಚಪಲ ಬರೆದು ಬರೆದು ಇವನಿಗೂ ಅಂಟಿತು ಎಂದು ಕಚೇರಿಯವರೆಲ್ಲ ತೀರ್ಮಾನಿಸಿದರು.

ಮನೆಯಲ್ಲಿ ಹೆಂಡತಿ ಏನನ್ನೂ ತೀರ್ಮಾನಿಸಿದಂತೆ ಕಾಣಲಿಲ್ಲ. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಗಿರಾಕಿ ಪಿಸುಗುಟ್ಟಿ ಏನೇ ಕೇಳಲಿ, ಮುಖದ ಒಂದು ಗೆರೆಯೂ ಅಲುಗದೆ ಕಾಗದದಲ್ಲಿ ಸುತ್ತಿ ಕೊಡುವವಳು. ಸಂಜೆ ಗಂಡನನ್ನೂ ಅದೇ ಮುಖದಲ್ಲಿ ಕೇಳುತ್ತಿದ್ದಳು: "ಏನ್ರೀ, ಇವತ್ತು ಯಾರ್ಯಾರು ಅತ್ತರು?" ಅವಳು ಫೋನ್ ಕೈಗೆತ್ತಿಕೊಂಡರೆ ಅವನು ಎದ್ದು ಆಚೆ ಹೋಗುತ್ತಿದ್ದ.

ವರದಿ ಅಚ್ಚಿಗೆ ಹೋಗುವ ಮುನ್ನ ನಿರ್ದೇಶಕಿ ಅವನನ್ನು ಕೋಣೆಗೆ ಕರೆದರು. ಬಾಗಿಲು ಹಾಕಿದರು. ಆ ಕೋಣೆಯ ಬಾಗಿಲು ಹಾಕಿಸಿಕೊಂಡವರು ಯಾರೂ ಮತ್ತೆ ನೌಕರಿಗೆ ಬಂದದ್ದಿಲ್ಲ.

"ನಿಮ್ಮ ಸಂದರ್ಶನಗಳನ್ನೆಲ್ಲ ಓದಿದೆ. ಕಾದಂಬರಿ ಥರ ಇವೆ."

"ತುಂಬಾ ಸಂತೋಷ ಮೇಡಂ."

"ಹೊಗಳಿದ್ದಲ್ಲ." ಅವರು ಕನ್ನಡಕ ಸರಿಮಾಡಿಕೊಂಡರು. "ಯಾವ ಆಪ್ ಬಳಸ್ತೀರಿ ಅಂತ ಒಂದು ಪ್ರಶ್ನೆ ಇದೆಯಲ್ಲ. ಅದರಲ್ಲಿ 'ಚಿಲಕ' ಅಂತ ಒಂದು ಹೆಸರಿದೆ. ಗಂಡಸರು ಹೆಂಗಸರು ಗುಟ್ಟಾಗಿ ಸೇರೋ ಜಾಗ ಅಂತ."

ಕೀಲಿಕೈಯ ಮುಖ ಬಿಳಿಚಿಕೊಂಡಿತು. "ಗೊತ್ತು ಮೇಡಂ."

"ಬೇರೆ ಎಲ್ಲ ಸಂದರ್ಶಕರಿಗೂ ಅಲ್ಲೊಬ್ರು ಇಲ್ಲೊಬ್ರು ಚಿಲಕದವರು ಸಿಕ್ಕಿದ್ದಾರೆ. ನಿಮಗೆ ಒಬ್ರೂ ಇಲ್ಲ."

"ನನಗೆ ಸಿಕ್ಕಿದವರು ಮರ್ಯಾದಸ್ಥರು ಮೇಡಂ."

"ಮೀಸೆ ನ್ಯಾಯಾಧೀಶರೂ?"

"ಅವರು ಎಲ್ಲಿಗೆ ಬೇಕಾದ್ರೂ ಹೋಗ್ತಾರೆ. ಚಿಲಕಕ್ಕೆ ಮಾತ್ರ ಹೋಗಲ್ಲ."

ನಿರ್ದೇಶಕಿ ಪೆನ್ನಿನ ಮುಚ್ಚಳ ಹಾಕಿದರು. "ಅಂಥ ಆಪೇ ಇಲ್ಲ ಕಣ್ರೀ. ಹೆಸರು ನಾನು ಕಟ್ಟಿದ್ದು. ನಿಮಗ್ಯಾರಿಗೂ ಬೇಕಂತಲೇ ಹೇಳಲಿಲ್ಲ. ಎಲ್ಲಿ ಹೋಗಿ ಕೇಳಿದ್ರೂ ಒಂದಷ್ಟು ಜನ ಇಲ್ಲದ್ದನ್ನೂ ಬಳಸ್ತೀವಿ ಅಂತಾರೆ. ಕೆಲವರು ಬಡಾಯಿಗೆ, ಕೆಲವರು ಕೇಳಿದವರ ಕಾಲೆಳೆಯೋಕೆ. ಒಬ್ಬನೂ ಸುಳ್ಳು ಹೇಳದ ಊರು ಅಂತ ಇದ್ರೆ, ಅದು ಯಾರೋ ಒಬ್ಬನೇ ಕೂತು ಬರೆದ ಊರು."

ಅವನು ಕುರ್ಚಿಯ ತುದಿಗೆ ಜಾರಿದ. "ಇಲ್ವಾ ಮೇಡಂ? ಚಿಲಕ ನಿಜವಾಗ್ಲೂ ಇಲ್ವಾ?"

"ಇಲ್ಲ. ನಾಳೆಯಿಂದ ನಿಮ್ಮ ಕೆಲಸವೂ ಇಲ್ಲ. ಅರ್ಥ ಆಯ್ತಾ?"

"ಆಯ್ತು ಮೇಡಂ," ಎಂದ ಕೀಲಿಕೈ. ಅವನ ಮುಖ ಲಾಟರಿ ಹೊಡೆದವನ ಹಾಗೆ ಅರಳಿತ್ತು. ನಿರ್ದೇಶಕಿಗೆ ಗಾಬರಿಯಾಯಿತು. ಒಂದು ಲೋಟ ನೀರು ಅವನತ್ತ ತಳ್ಳಿದರು. ಅವನು ಒಂದೇ ಉಸಿರಿಗೆ ಕುಡಿದ.

"ಕಂಬ ಬಾಯಿಬಿಡುತ್ತೆ ಅಂದಿದ್ದೆಲ್ಲ ಸುಳ್ಳು ಮೇಡಂ. ನಾನು ಒಬ್ಬರ ಮನೆ ಬಾಗಿಲೂ ತಟ್ಟಿಲ್ಲ. ಎಲ್ಲಾನೂ ಮನೆ ಮಹಡಿ ಮೇಲೆ ಕೂತು ಬರೆದಿದ್ದು. ಕೇಳಿದ್ದು ಒಬ್ಬರನ್ನ ಮಾತ್ರ. ಮೊದಲ ದಿನ, ಅಭ್ಯಾಸ ಆಗ್ಲಿ ಅಂತ. ಬಟ್ಟೆ ಮಡಚ್ತಾ, ತಲೆ ಕೂಡ ಎತ್ತದೆ ಎಲ್ಲ ಪ್ರಶ್ನೆಗೂ ಇಲ್ಲ ಇಲ್ಲ ಅಂದ್ರು. ಚಿಲಕಕ್ಕೆ ಮಾತ್ರ 'ಹೂಂ, ದಿನಾ' ಅಂದ್ರು. ಆ ಹಾಳೆ ಹರಿದುಹಾಕಿದೆ. ಆಮೇಲೆ ಇನ್ನೊಬ್ಬರ ಹತ್ರ ಹೋಗಿ ಕೇಳೋ ಧೈರ್ಯ ಬರಲಿಲ್ಲ."

"ಸರಿ, ಉಳಿದವರನ್ನೆಲ್ಲ ನೀವೇ ಹುಟ್ಟಿಸಿದ್ರಿ. ಅವರಲ್ಲಿ ಒಬ್ಬಿಬ್ಬರ ಕೈಲಾದ್ರೂ ಚಿಲಕಕ್ಕೆ ಹೂಂ ಅನ್ನಿಸಿದ್ರೆ ನನಗೆ ಅನುಮಾನವೇ ಬರ್ತಿರಲಿಲ್ಲವಲ್ಲ?"

"ಸುಳ್ಳು ಜನರೇ ಇರಬಹುದು ಮೇಡಂ, ಆದ್ರೂ ಒಬ್ಬನನ್ನೂ ನನ್ನ ಹೆಂಡತಿ ಇರೋ ಕಡೆಗೆ ಕಳಿಸೋಕೆ ಮನಸ್ಸು ಬರಲಿಲ್ಲ."