ಅಜ್ಜಿ ಮಾತು ಬಿಟ್ಟದ್ದು

ಶೇಂಗಾ ಹುರಿಯುವ ವಾಸನೆ ಬಂದರೆ ಇವತ್ತಿಗೂ ನನಗೆ ಅಜ್ಜಿಯ ಅಂಗೈ ನೆನಪಾಗುತ್ತದೆ.

ಆಗ ನಾವು ಉಣಕಲ್ಲಿನಲ್ಲಿದ್ದೆವು. ಇಂಗ್ಲಿಷ್ ಸಾಲಿಯಲ್ಲಿ ನಾನು ಹಿಂದೆ ಬಿದ್ದಿದ್ದೆ. ಟೀಚರು ಅವ್ವನನ್ನು ಕರೆಸಿ, "ಮನ್ಯಾಗ ಕನ್ನಡ ಬಂದ್ ಮಾಡ್ರಿ, ಕೂಸಿಗೆ ಲಗೂ ಬರ್ತದ" ಅಂದಿದ್ದರು. ಅವ್ವ ಅದನ್ನೇ ಬಂದು ಅಜ್ಜಿಗೆ ಹೇಳಿದಳು.

"ಆತು ಬಿಡವಾ. ನನ್ನಿಂದ ಅದರ ಕಲಿಕಿ ಕೆಡೂದ ಬ್ಯಾಡ" ಅಂದಳು ಅಜ್ಜಿ. ಅವತ್ತಿನಿಂದ ನನ್ನ ಕೂಡ ಮಾತು ಬಿಟ್ಟಳು.

ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ನಾನು ಸಾಲಿಯಿಂದ ಬಂದಾಗ ಅಜ್ಜಿ ಹಿತ್ತಲಲ್ಲಿ ಶೇಂಗಾ ಹುರಿಯುತ್ತಿದ್ದಳು. ಬಿಸಿ ಕಾಳನ್ನು ಒರಟು ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಊದಿ, ನನ್ನ ಕೈಗೆ ಹಾಕಿದಳು.

"ಅಜ್ಜಿ, ಕತಿ ಹೇಳಬೇ" ಅಂದೆ.

ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡಳು.

"ಅವ್ವ ಅಂಗಡಿಗೆ ಹೋಗ್ಯಾಳ, ಹೇಳ" ಅಂದೆ. ಆಗಲೂ ತಲೆ ಅಲ್ಲಾಡಿಸಿದಳು. ಆಮೇಲೆ ನನ್ನ ಕೂದಲು ಸವರಿ, ಅವ್ವನ ಬಾಯಲ್ಲಿ ಕೇಳಿ ಕೇಳಿ ಕಲಿತಿದ್ದ ಎರಡು ಶಬ್ದ ಮೆಲ್ಲಗೆ ಅಂದಳು. "ಗುಡ್ ಗರ್ಲ್." ಅಂದು, ಸರಿಯಾಯಿತೋ ಇಲ್ಲವೋ ಎಂದು ನನ್ನ ಮುಖವನ್ನೇ ನೋಡುತ್ತ ಕೂತಳು.

ಮರುದಿನ ಮುಂಜಾನೆ ಅಜ್ಜಿ ಏಳಲಿಲ್ಲ.

ಓಣಿಯ ಹೆಂಗಸರು ಅಜ್ಜಿಯ ಸುತ್ತ ಕೂತು, ತಮತಮಗೆ ಅವಳು ಹೇಳಿದ ಮಾತುಗಳನ್ನು ನೆನೆನೆನೆದು ಹಾಡಿಕೊಂಡು ಅಳುತ್ತಿದ್ದರು. ಅವರಲ್ಲೊಬ್ಬಳು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಿಮ್ಮಜ್ಜಿ ಕಡೀಕ ನಿನಗೇನಂದ್ಲವಾ?" ಅಂದಳು.

ನಾನು ಹೇಳಿದೆ. ಅವಳಿಗೆ ತಿಳಿಯಲಿಲ್ಲ.

"ಕನ್ನಡದಾಗ ಹೇಳವಾ" ಅಂದಳು.

ನಾನು ಅವ್ವನ ಮುಖ ನೋಡಿದೆ.