ಅತ್ತೆ ಕಟ್ಟಿಕೊಟ್ಟ ಹುಣಸೆ ಉಂಡೆ

ಆ ನನ್ನ ಷಡ್ಡಕನ ಮುಖ ನೆನೆಸ್ಕೊಂಡ್ರೆ ಇವತ್ತಿಗೂ ಮೈ ಉರಿಯುತ್ತೆ ಕಣ್ರೋ. ನಾನು ರಿಟೈರಾದ ವರ್ಷ ಇಬ್ಬರೂ ಬೆನ್ನಿಗೆ ಬ್ಯಾಗ್ ಏರಿಸ್ಕೊಂಡು, ಪೆರು ದೇಶದ ಸಮುದ್ರದ ದಡ ಹಿಡಿದು ಬಸ್ಸಲ್ಲೇ ಚಿಲಿಗೆ ಹೊರಟಿದ್ವಿ. ಒಂದು ಕಡೆ ನೀರು, ಒಂದು ಕಡೆ ಮರಳು, ಪಕ್ಕದಲ್ಲಿ ಇವನು. ದಿನಾ ರೂಮಲ್ಲಿ ಸಾರು ಕಾಯಿಸೋವಾಗ ಹುಣಸೆಹಣ್ಣಿನ ಉಂಡೆ ತೆಗೆದು, "ಅತ್ತೆ ಕಟ್ಟಿಕೊಟ್ಟಿದ್ದು, ಭಾವ" ಅಂತ ಹಲ್ಲು ಕಿರಿಯೋನು. ದೊಡ್ಡಳಿಯ ನಾನು, ನನಗೆ ಒಂದು ಬೀಜಾನೂ ಕೊಟ್ಟಿರಲಿಲ್ಲ ಆ ಮುದುಕಿ!

ಚಿಲಿ ಗಡಿಯಲ್ಲಿ ಹಣ್ಣು, ಬೀಜ ಏನಿದ್ರೂ ಫಾರಂನಲ್ಲಿ ಬರೀಬೇಕು. ಮುಚ್ಚಿಟ್ರೆ ಹಿಡಿದು ಕೂರಿಸ್ತಾರೆ, ಬಸ್ಸು ಕಾಯಲ್ಲ. ನಾನು ಸೀದಾ ಹೋಗಿ ಆಫೀಸರಮ್ಮನಿಗೆ ಅವನ ಬ್ಯಾಗ್ ತೋರಿಸ್ದೆ.

"ನಾಚಿಕೆ ಆಗಲ್ವಾ ಭಾವ?"

"ನೀನು ಇಲ್ಲೇ ಕೊಳೀತಾ ಬಿದ್ದಿರು. ನಾನು ಬಸ್ಸು ಹತ್ತುತ್ತೀನಿ."

ಆಯಮ್ಮ ಉಂಡೆ ಹೊರಗೆ ತೆಗೆದು ಅವನ ಫಾರಂ ನೋಡಿದ್ಲು. ಕಳ್ಳ ನನ್ಮಗ, ಮೊದಲೇ ಬರೆದಿದ್ದ. ಉಂಡೇನ ಕಸದ ಬುಟ್ಟಿಗೆ ಎಸೆದು, ಹೋಗು ಅಂತ ಅವನಿಗೆ ಕೈ ಮಾಡಿದ್ಲು. ಆಮೇಲೆ ನನ್ನ ಬ್ಯಾಗ್ ಎಳ್ಕೊಂಡ್ಲು.

"ಅದರಲ್ಲಿ ಏನೂ ಇಲ್ಲಮ್ಮಾ, ಫಾರಂನಲ್ಲೂ ಹಂಗೇ ಬರೆದಿದೀನಿ!" ಅಂತ ರೇಗಿದೆ.

ಊರು ಬಿಟ್ಟ ಮೇಲೆ ನಾನು ಮುಟ್ಟೇ ಇರದ ಸ್ವೆಟರನ್ನ ಅವಳು ಬ್ಯಾಗಿನ ತಳದಿಂದ ಎತ್ತಿ ಒದರಿದ್ಲು. ಅದರೊಳಗಿಂದ ಇನ್ನೊಂದು ಹುಣಸೆ ಉಂಡೆ ಉರುಳ್ತು.

ಷಡ್ಡಕ ಬಸ್ಸಿನ ಮೆಟ್ಟಿಲ ಮೇಲಿಂದ ಕೂಗಿದ: "ಅತ್ತೆ ಯಾವತ್ತು ಅಳಿಯಂದಿರಲ್ಲಿ ಭೇದ ಮಾಡಿದಾರೆ, ಭಾವ?"